ಅಂಡರ್-17 ಇಂಡಿಯಾ ಆಡಿ ಬಂದ ಹುಡುಗನಿಗೆ ಮೂರು ಆಫರ್: ಯಾವುದಕ್ಕೆ ಸಹಿ ಹಾಕಿಸೋದು?

ಆಸ್ಟಿನ್ ಟೌನ್ ಕೋಚ್

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಹುಡುಗನೊಬ್ಬ ಇಂಡಿಯಾ ಅಂಡರ್-17 ಆಡಿ ಬಂದಿದ್ದಾನೆ. ಎಡ ವಿಂಗ್ (ಎಡ ಅಂಚಿನ ಫಾರ್ವರ್ಡ್), ಎಡಗಾಲಿನವನು. ಓಟ ಜೋರು, ಕ್ರಾಸ್ ಪರವಾಗಿಲ್ಲ, ಬಲಗಾಲು ಬರೀ ನಿಲ್ಲೋಕೆ ಮಾತ್ರ. ಬರೋ ಮಾರ್ಚ್‌ಗೆ 18 ತುಂಬುತ್ತೆ. ಸೆಕೆಂಡ್ ಪಿಯುಸಿ ಕಾಮರ್ಸ್. ಮನೆಯವರಿಗೆ ಈ ವ್ಯವಹಾರ ಗೊತ್ತಿಲ್ಲ, ಕಾಗದಪತ್ರ ಎಲ್ಲ ನನ್ನ ಕೈಗೆ ಬಂದಿದೆ.

ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಕ್ಲಬ್ಬೊಂದು ಮೂರು ವರ್ಷದ ಕಾಂಟ್ರಾಕ್ಟ್ ಕೊಡ್ತಿದೆ. ಅದರ ಮೇಲೆ ಇನ್ನೆರಡು ವರ್ಷ ಕ್ಲಬ್ಬಿಗೆ ಬೇಕಾದ್ರೆ ಮುಂದುವರಿಸೋ ಷರತ್ತು. ಮೊದಲು ರಿಸರ್ವ್ಸ್ (ಕ್ಲಬ್ಬಿನ ಎರಡನೇ ತಂಡ), ‘ಆಮೇಲೆ ನೋಡೋಣ’ ಅಂತಾರೆ. ಎರಡನೇದು ಅದರ ಕೆಳಗಿನ ರಾಷ್ಟ್ರೀಯ ಲೀಗಿನ ಕ್ಲಬ್: ಒಂದೇ ವರ್ಷ, ಸಂಬಳ ಅರ್ಧಕ್ಕಿಂತ ಕಡಿಮೆ, ಆದರೆ ಸೀನಿಯರ್ ಟೀಮಿನಲ್ಲೇ ಆಡಿಸ್ತೀವಿ ಅಂತ ಕೋಚ್ ಬಾಯಿಮಾತು. ಮೂರನೇದು ‘ಏಜೆಂಟ್’ ಒಬ್ಬ, ಪೋರ್ಚುಗಲ್‌ನಲ್ಲಿ ಟ್ರಯಲ್ಸ್ ಕೊಡಿಸ್ತೀನಿ ಅಂತ ಆರು ಲಕ್ಷ ಕೇಳ್ತಿದ್ದಾನೆ. ಇದೆಲ್ಲದರ ನಡುವೆ ಅವರಪ್ಪ, ಇಂಡಿಯಾ ಆಡಿದ ಸರ್ಟಿಫಿಕೇಟ್ ಇದೆಯಲ್ಲ, ರೈಲ್ವೆಗೆ ಹಾಕಿಬಿಡಿ ಸಾರ್ ಅಂತಿದ್ದಾರೆ.

ಅಂಡರ್-17ನಲ್ಲಿ ಮಿಂಚಿದ ಎಷ್ಟೋ ಜನ 21ಕ್ಕೆ ಕಾಣಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಯಾಕೆ ಕಾಣಲ್ಲ, ಈ ನಾಲ್ಕು ವರ್ಷ ಏನು ಮಾಡಿದ್ರೆ ಕಾಣ್ತಾನೆ ಅನ್ನೋದು ಬೇಕು.

ಈಸ್ಟ್ ಸ್ಟ್ಯಾಂಡ್

ಸರ್, ಆಫರ್‌ಗಳಿಗೆ ಹೋಗುವ ಮೊದಲು ಎರಡು ಜೋಡಿ ಹೆಸರು ನೋಡಿ.

2007ರ ಅಂಡರ್-17 ವಿಶ್ವಕಪ್ ನಡೆದದ್ದು ದಕ್ಷಿಣ ಕೊರಿಯಾದಲ್ಲಿ. ಅತ್ಯುತ್ತಮ ಆಟಗಾರ ಜರ್ಮನಿಯ ಟೋನಿ ಕ್ರೂಸ್. ಅತಿ ಹೆಚ್ಚು ಗೋಲು ಹೊಡೆದವನು ನೈಜೀರಿಯಾದ ಮಕಾಲೆ ಕ್ರಿಸಾಂಟಸ್, ಕಪ್ಪೂ ನೈಜೀರಿಯಾದ್ದೇ. ಇಬ್ಬರೂ ಜರ್ಮನಿಯ ದೊಡ್ಡ ಕ್ಲಬ್‌ಗಳ ಹುಡುಗರಾದರು, ಕ್ರೂಸ್ ಬಯರ್ನ್, ಕ್ರಿಸಾಂಟಸ್ ಹ್ಯಾಂಬರ್ಗ್. ಬಯರ್ನ್‌ನಲ್ಲಿ ಕ್ರೂಸ್‌ಗೂ ಜಾಗ ಇರಲಿಲ್ಲ. 2009ರ ಜನವರಿಯಲ್ಲಿ ಒಂದೂವರೆ ವರ್ಷಕ್ಕೆ ಲೆವರ್ಕುಸೆನ್‌ಗೆ ಲೋನ್ ಹೋದ (ಕಾಂಟ್ರಾಕ್ಟ್ ಬಯರ್ನ್‌ದೇ, ಆಡೋದು ಅಲ್ಲಿ), ಅಲ್ಲಿ ವಾರ ವಾರ ಆಡಿದ, 2010ರಲ್ಲಿ ವಾಪಸ್ ಬಂದಾಗ ಮೊದಲ ತಂಡದವನಾಗಿದ್ದ. ಕ್ರಿಸಾಂಟಸ್‌ಗೆ ಹ್ಯಾಂಬರ್ಗ್‌ನಲ್ಲಿ ನೆಲೆ ಸಿಗಲೇ ಇಲ್ಲ, ಕ್ಲಬ್ಬಿಂದ ಕ್ಲಬ್ಬಿಗೆ ತಿರುಗಿದ.

2015, ಚಿಲಿ. ಮತ್ತೆ ನೈಜೀರಿಯಾ ಚಾಂಪಿಯನ್. ಅತ್ಯುತ್ತಮ ಆಟಗಾರನ ಗೋಲ್ಡನ್ ಬಾಲ್ ನಾಯಕ ಕೆಲೆಚಿ ನ್ವಾಕಲಿಗೆ, ಹತ್ತು ಗೋಲು ಹೊಡೆದು ಗೋಲ್ಡನ್ ಬೂಟ್ ಗೆದ್ದದ್ದು ವಿಕ್ಟರ್ ಒಸಿಮೆನ್. ನ್ವಾಕಲಿ ಆರ್ಸೆನಲ್ ಸೇರಿ, ಅಲ್ಲಿಂದ ನೆದರ್ಲೆಂಡ್ಸ್, ಪೋರ್ಟೊ ಬಿ ಅಂತ ಲೋನ್ ಮೇಲೆ ಲೋನ್ ಹೋಗಿ, ಆರ್ಸೆನಲ್ ಮೊದಲ ತಂಡಕ್ಕೆ ಒಂದು ಪಂದ್ಯವೂ ಆಡದೆ ಹೊರಬಂದ. ಒಸಿಮೆನ್ ಕೂಡ ಮೊದಲು ಎಡವಿದವನೇ. ವೋಲ್ಫ್ಸ್‌ಬರ್ಗ್‌ಗೆ ಹೋಗಿ ಬುಂಡೆಸ್‌ಲೀಗಾದಲ್ಲಿ ಒಂದು ಗೋಲೂ ಇಲ್ಲ. 2018ರಲ್ಲಿ ಬೆಲ್ಜಿಯಂನ ಶಾರ್ಲೆರ್ವಾಗೆ ಲೋನ್ ಹೋದ ಮೇಲೆ ಬದಲಾಯಿತು. ಅಲ್ಲಿಂದ ಲೀಲ್, ನಾಪೊಲಿ, 2022-23ರಲ್ಲಿ ಇಟಲಿ ಲೀಗಿನ ಟಾಪ್ ಸ್ಕೋರರ್.

ಇಲ್ಲಿ ಪ್ರತಿಭೆಯ ವ್ಯತ್ಯಾಸ ಹುಡುಕೋದು ದಂಡ. ಮೇಲಕ್ಕೆ ಹೋದ ಇಬ್ಬರೂ 19-20ರ ಹೊತ್ತಿಗೆ ತಮ್ಮನ್ನು ನಿಜವಾಗಿ ಬೇಕು ಅಂದ ಒಂದೇ ಕ್ಲಬ್ಬಿನಲ್ಲಿ ಇಡೀ ಸೀಸನ್ ದೊಡ್ಡವರ ಜೊತೆ ಆಡಿದ್ದಾರೆ. ನ್ವಾಕಲಿಯೂ ಲೋನ್ ಹೋದವನೇ, ಆದರೆ ಪ್ರತಿ ವರ್ಷ ಹೊಸ ಊರು, ಹೊಸ ಕೋಚ್, ಮತ್ತೆ ಸೊನ್ನೆಯಿಂದ. ಹಾಗಾಗಿ ‘ಲೋನ್ ಕೊಡ್ತೀವಿ’ ಅಂದ ಮಾತ್ರಕ್ಕೆ ಸಮಾಧಾನ ಪಡಬೇಡಿ, ಯಾವ ಕೋಚ್ ಕೇಳಿದ್ದಾನೆ ಅಂತ ಕೇಳಿ.

ನಮ್ಮಲ್ಲಿ ಇದಕ್ಕೆ 2017ರ ಅಂಡರ್-17 ಬ್ಯಾಚೇ ಸಾಕ್ಷಿ. ವಿಶ್ವಕಪ್‌ನಲ್ಲಿ ಅಮೆರಿಕಕ್ಕೆ 0-3, ಕೊಲಂಬಿಯಾಗೆ 1-2, ಘಾನಾಗೆ 0-4 ಸೋತ ತಂಡ. ಆದರೂ ಅದರಿಂದ ಜೀಕ್ಸನ್, ಅಪುಯಾ, ಸುರೇಶ್, ಅನ್ವರ್ ಅಲಿ, ರಹೀಂ ಅಲಿ ಸೀನಿಯರ್ ಇಂಡಿಯಾ ಜೆರ್ಸಿ ಹಾಕಿದರು. ಕಾರಣ ಸರಳ: ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ಆ ಹುಡುಗರ ದೊಡ್ಡ ಗುಂಪನ್ನು ಇಂಡಿಯನ್ ಆರೋಸ್ ಹೆಸರಿನಲ್ಲಿ ನೇರ ದೊಡ್ಡವರ ರಾಷ್ಟ್ರೀಯ ಲೀಗಾದ ಐ-ಲೀಗಿಗೆ ಇಳಿಸಿತು. ಕೆಳಗಿನ ಸ್ಥಾನದಲ್ಲಿ ಮುಗಿಸಿದ್ರೂ ಕೆಳಗಿನ ಲೀಗಿಗೆ ಬೀಳುವ ಹೆದರಿಕೆ ಇರಲಿಲ್ಲ, 17-18ರ ಹುಡುಗರು ಮೂವತ್ತರ ವಿದೇಶಿ ಸ್ಟಾಪರ್‌ಗಳ (ನಡುವಿನ ಡಿಫೆಂಡರ್‌ಗಳ) ಮೈಗೆ ಮೈ ಕೊಟ್ಟು ಆಡಿದರು. ಆ ಆರೋಸ್ 2022ರಲ್ಲಿ ಮುಚ್ಚಿತು. ನಿಮ್ಮ ಹುಡುಗನಿಗೆ ಆ ಏಣಿ ಇಲ್ಲ, ಅದನ್ನು ನೀವೇ ಕಟ್ಟಿಕೊಡಬೇಕು.

ಅದೇ ಬ್ಯಾಚಿನ ಇಬ್ಬರು ಗೋಲ್‌ಕೀಪರ್‌ಗಳನ್ನೂ ನೋಡಿ. 2017ರಲ್ಲಿ ದೇಶವೆಲ್ಲ ಕೊಂಡಾಡಿದ್ದು ಧೀರಜ್ ಸಿಂಗ್‌ನ. ಪ್ರಭ್‌ಸುಖನ್ ಗಿಲ್ ಆಗ ಬೆಂಚ್. ಗಿಲ್ 2019ರಲ್ಲಿ ನಮ್ಮ ಬೆಂಗಳೂರು ಎಫ್‌ಸಿಗೆ (ಬಿಎಫ್‌ಸಿ) ಬಂದ, ಇಂಡಿಯಾ ಗೋಲ್‌ಕೀಪರ್ ಗುರ್‌ಪ್ರೀತ್ ಇದ್ದದ್ದರಿಂದ ಇಲ್ಲೂ ಬೆಂಚೇ ಗತಿ. ಒಂದು ಸೀಸನ್ ನೋಡಿ 2020ರಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಹೋದ. 2021ರ ಡಿಸೆಂಬರ್‌ನಲ್ಲಿ ಅಲ್ಲಿನ ಮೊದಲ ಕೀಪರ್ ಆಲ್ಬಿನೋ ಗೋಮ್ಸ್ ಗಾಯಗೊಂಡಾಗ ಒಳಗೆ ಬಂದವನು ಆ ಸೀಸನ್ನಿನ ಅತ್ಯುತ್ತಮ ಕೀಪರ್‌ನ ಗೋಲ್ಡನ್ ಗ್ಲೋವ್ ತಗೊಂಡೇ ಹೋದ. ಗುರ್‌ಪ್ರೀತ್ ಹಿಂದೆ ಮೂರು ವರ್ಷ ಕೂತಿದ್ರೆ ಸಂಬಳ ಬರ್ತಿತ್ತು, ಗ್ಲೋವ್ ಬರ್ತಿರಲಿಲ್ಲ.

ಷರತ್ತುಗಳು ಅನ್ವಯ

ಕಾಂಟ್ರಾಕ್ಟ್ ಬಗ್ಗೆ ಮಾತ್ರ ಹೇಳ್ತೀನಿ.

ಮೊದಲನೆಯದು, ಆ ‘3+2’. ಫಿಫಾದ ಆಟಗಾರರ ಸ್ಥಾನಮಾನ ಮತ್ತು ವರ್ಗಾವಣೆ ನಿಯಮದ ಪ್ರಕಾರ 18 ತುಂಬದ ಆಟಗಾರ ಮೂರು ವರ್ಷಕ್ಕಿಂತ ಹೆಚ್ಚಿನ ವೃತ್ತಿಪರ ಒಪ್ಪಂದಕ್ಕೆ ಸಹಿ ಹಾಕುವಂತಿಲ್ಲ, ಹಾಕಿದರೂ ಮೂರರ ಆಚೆಗಿನ ಷರತ್ತಿಗೆ ಮಾನ್ಯತೆ ಇಲ್ಲ. ಅಂದರೆ ಈಗ ಸಹಿ ಹಾಕಿದರೆ ಆ +2 ಬರೀ ಶಾಯಿ. ಇದು ಕ್ಲಬ್ಬಿನವರಿಗೂ ಗೊತ್ತಿರುತ್ತೆ. ಮಾರ್ಚ್ ಕಳೆದ ಮೇಲೆ ‘ಸಣ್ಣ ತಿದ್ದುಪಡಿ’ ಅಂತ ಇನ್ನೊಂದು ಕಾಗದ ತರ್ತಾರೆ. 18 ಆದ ಮೇಲೆ ಐದು ವರ್ಷದವರೆಗೆ ಕಟ್ಟಿಹಾಕಬಹುದು. ಆ ದಿನ ಹುಡುಗ ಕ್ಯಾಂಪಿನಲ್ಲಿ ಒಬ್ಬನೇ ಇರ್ತಾನೆ, ನೀವು ಇರಲ್ಲ. ಓದದೆ, ಮನೆಗೆ ಕಳಿಸದೆ ಯಾವುದಕ್ಕೂ ಸಹಿ ಹಾಕಬಾರದು ಅಂತ ಈಗಲೇ ತಲೆಗೆ ತುಂಬಿ.

ಎರಡನೆಯದು, ‘ಆಮೇಲೆ ನೋಡೋಣ’ ಅನ್ನೋದನ್ನ ಬರಹಕ್ಕೆ ಇಳಿಸಿ. ಆಡಿಸ್ತೀವಿ ಅಂತ ಯಾವ ಕ್ಲಬ್ಬೂ ಬರೆದು ಕೊಡಲ್ಲ, ಅದನ್ನು ಕೇಳಿ ಸಮಯ ಹಾಳು ಮಾಡಬೇಡಿ. ಆದರೆ ‘ಮೊದಲ ತಂಡದಲ್ಲಿ ಇಂತಿಷ್ಟು ನಿಮಿಷ ಆಡದಿದ್ದರೆ ಜನವರಿ ವರ್ಗಾವಣೆ ವಿಂಡೋದಲ್ಲಿ ಆಟಗಾರ ಕೇಳಿದ ಲೋನ್ ಕೊಡುವುದು’ ಅನ್ನೋ ಸಾಲು ಚೌಕಾಸಿಗೆ ಸಿಗುವಂಥದ್ದು. ಸಂಬಳವನ್ನೂ ಹಾಗೇ ಕಟ್ಟಿಸಿ: ಮೂಲ ಸಂಬಳ ಸ್ವಲ್ಪ ಕಡಿಮೆಯಾದರೂ ಇರಲಿ, ಮೊದಲ ತಂಡದಲ್ಲಿ ಐದನೇ ಪಂದ್ಯಕ್ಕೆ, ಹದಿನೈದನೇ ಪಂದ್ಯಕ್ಕೆ ತಾನಾಗೇ ಏರುವಂತೆ. ಹೀಗಿದ್ದರೆ ಎರಡನೇ ವರ್ಷ ಮತ್ತೆ ಕೈಯೊಡ್ಡೋ ಪ್ರಸಂಗ ಬರಲ್ಲ.

ಮೂರನೆಯದು, ಗಾಯ. ಸರ್ಜರಿ ಖರ್ಚು ಯಾರದ್ದು, ಯಾವ ಆಸ್ಪತ್ರೆ ಅಂತ ನಿರ್ಧರಿಸೋದು ಯಾರು, ಎರಡನೇ ಅಭಿಪ್ರಾಯ ಕೇಳೋ ಹಕ್ಕಿದೆಯಾ, ರಿಹ್ಯಾಬ್ ನಡೀವಾಗ ಪೂರ್ತಿ ಸಂಬಳವಾ. ಲಿಗಮೆಂಟ್ ಹರಿದು ಒಂಬತ್ತು ತಿಂಗಳು ಮನೇಲಿ ಕೂತಾಗ ಈ ಪ್ಯಾರಾ ಒಂದೇ ಕೈ ಹಿಡಿಯೋದು. ಹಾಸ್ಟೆಲ್, ಊಟ, ಊರಿಗೆ ಹೋಗಿಬರೋ ಖರ್ಚು, ಪರೀಕ್ಷೆಗೆ ರಜೆ, ಇವೂ ಬರಹದಲ್ಲಿರಲಿ.

ಕ್ಲಬ್ ಎಷ್ಟೇ ದೊಡ್ಡದಿರಲಿ ಸಂಬಳ ನಿಲ್ಲಬಹುದು. 2025ರಲ್ಲಿ ಐಎಸ್‌ಎಲ್ ಅತಂತ್ರವಾದಾಗ ಬೆಂಗಳೂರು ಎಫ್‌ಸಿಯೇ ಮೊದಲ ತಂಡದ ಸಂಬಳ ತಡೆಹಿಡಿದಿದೆ ಅಂತ ಪ್ರಕಟಿಸಿತು. ಫಿಫಾ ನಿಯಮದಲ್ಲಿ ಎರಡು ತಿಂಗಳ ಸಂಬಳ ಬಾಕಿಯಾದರೆ ಲಿಖಿತ ನೋಟಿಸ್ ಕೊಟ್ಟು 15 ದಿನ ಕಾದು, ನ್ಯಾಯಯುತ ಕಾರಣದ ಮೇಲೆ ಒಪ್ಪಂದ ಮುರಿಯಬಹುದು. ನೋಟಿಸ್ ಕೊಡದೆ ಬ್ಯಾಗ್ ಎತ್ಕೊಂಡು ಊರಿಗೆ ಬಂದರೆ ತಪ್ಪು ಹುಡುಗನ ತಲೆಗೆ ಬರುತ್ತೆ. ಒಪ್ಪಂದದ ಜಗಳಕ್ಕೆ ಎಐಎಫ್‌ಎಫ್‌ನ ಪ್ಲೇಯರ್ಸ್ ಸ್ಟೇಟಸ್ ಕಮಿಟಿ ಇದೆ. ಅದು ಎಷ್ಟು ಗಂಭೀರ ಅಂತ ನೋಡಬೇಕಾದ್ರೆ ಅನ್ವರ್ ಅಲಿ ಪ್ರಕರಣ ಓದಿ. 2024ರಲ್ಲಿ ಮೋಹನ್ ಬಾಗಾನ್ ಬಿಟ್ಟು ಈಸ್ಟ್ ಬೆಂಗಾಲ್ ಸೇರಿದ್ದಕ್ಕೆ ನಾಲ್ಕು ತಿಂಗಳ ನಿಷೇಧ ಬಿತ್ತು, ಆಮೇಲೆ ಅದು ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು.

ಇನ್ನು ಪೋರ್ಚುಗಲ್. 18 ಆಗುವವರೆಗೆ ಅಂತರರಾಷ್ಟ್ರೀಯ ವರ್ಗಾವಣೆಗೆ ನಿಷೇಧ ಇದೆ. ವಿನಾಯಿತಿಗಳು ಕೆಲವು ಇವೆ: ಅಪ್ಪ ಅಮ್ಮ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸಿದ್ದರೆ ಒಂದು, ಯುರೋಪಿಯನ್ ಒಕ್ಕೂಟದ ಒಳಗೊಳಗೇ 16 ದಾಟಿದವರು ಕ್ಲಬ್ ಬದಲಿಸೋದು ಇನ್ನೊಂದು. ಬೆಂಗಳೂರಿನ ಹುಡುಗನಿಗೆ ಎರಡೂ ಸಿಗಲ್ಲ. ಅಂದಮೇಲೆ ಮಾರ್ಚ್‌ಗೆ ಮುಂಚೆ ಹೋದರೆ ಅದು ಹೆಚ್ಚೆಂದರೆ ಪ್ರಾಕ್ಟೀಸ್ ನೋಡ್ಕೊಂಡು ಬರೋದು, ಯಾವ ಕ್ಲಬ್ಬೂ ರಿಜಿಸ್ಟರ್ ಮಾಡಲಾರದು. ಆ ಆಸಾಮಿಯ ಹೆಸರು ಫಿಫಾ ಏಜೆಂಟರ ಪಟ್ಟಿಯಲ್ಲಿದೆಯಾ ನೋಡಿ, ಪಟ್ಟಿ ಆನ್‌ಲೈನ್‌ನಲ್ಲೇ ಸಿಗುತ್ತೆ. ಇದ್ದರೂ ಅಪ್ರಾಪ್ತನ ಜೊತೆ ಒಪ್ಪಂದಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ಅವಧಿ ಎರಡು ವರ್ಷ ಮೀರುವಂತಿಲ್ಲ. ಕರೆದ ಕ್ಲಬ್ ಯಾವುದು ಅಂತ ಕೇಳಿ, ಆ ಕ್ಲಬ್ಬಿನ ಅಧಿಕೃತ ವೆಬ್‌ಸೈಟಿನಲ್ಲಿರೋ ಇಮೇಲ್‌ಗೆ ನೀವೇ ಬರೆದು ಖಚಿತ ಮಾಡಿಕೊಳ್ಳಿ, ಅವನು ಕೊಟ್ಟ ನಂಬರ್‌ಗಲ್ಲ. ನಿಜವಾಗಿ ಬೇಕಾದ ಆಟಗಾರನಿಂದ ಯಾವ ಕ್ಲಬ್ಬೂ ದುಡ್ಡು ಕೇಳಲ್ಲ.

ಕೊನೆಗೆ ನಿಮ್ಮ ಕ್ಲಬ್ಬಿನ ಪಾಲು. ಹುಡುಗ 12 ವರ್ಷದವನಾದಾಗಿಂದ ಪ್ರತಿ ಸೀಸನ್ ಸಿಆರ್‌ಎಸ್‌ನಲ್ಲಿ (ಎಐಎಫ್‌ಎಫ್‌ನ ಆನ್‌ಲೈನ್ ಆಟಗಾರ ನೋಂದಣಿ) ನಿಮ್ಮ ಹೆಸರಿಗೆ ರಿಜಿಸ್ಟರ್ ಆಗಿದ್ದಾನಾ ನೋಡಿ. ಮುಂದೆ ಶುಲ್ಕ ಕೊಟ್ಟು ವಿದೇಶಿ ಕ್ಲಬ್ ಕೊಂಡರೆ ಆ ಶುಲ್ಕದ ಶೇ 5 ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತೆ: 12ರಿಂದ 15ನೇ ವಯಸ್ಸಿನ ಪ್ರತಿ ಸೀಸನ್ನಿಗೆ ಶೇ 0.25, 16ರಿಂದ 23ರ ಪ್ರತಿ ಸೀಸನ್ನಿಗೆ ಶೇ 0.5. ಎರಡು ಕೋಟಿಯ ವ್ಯವಹಾರ ಅಂದ್ಕೊಳ್ಳಿ, ಮೊದಲ ನಾಲ್ಕು ಸೀಸನ್ ನಿಮ್ಮಲ್ಲಿದ್ದರೆ ತಲಾ 50 ಸಾವಿರ, ಒಟ್ಟು ಎರಡು ಲಕ್ಷ. ಒಂದು ವರ್ಷ ರಿಜಿಸ್ಟ್ರೇಷನ್ ಮರೆತಿದ್ದರೆ ಆ ವರ್ಷದ್ದು ಹೋಯ್ತು.

ಆಸ್ಟಿನ್ ಟೌನ್ ಕೋಚ್

ಸಿಆರ್‌ಎಸ್ ವಿಷಯಕ್ಕೆ ತುಂಬ ಥ್ಯಾಂಕ್ಸ್ ಸರ್, ನೋಡ್ತೀನಿ. ಪೋರ್ಚುಗಲ್‌ನವನಿಗೆ ಆಗಲ್ಲ ಅಂತ ಹೇಳಿಬಿಟ್ಟೆ.

ಇನ್ನೆರಡು ಪ್ರಶ್ನೆ. ಐಎಸ್‌ಎಲ್ ಕ್ಲಬ್ಬಿನವರು ವಿಂಗ್ ಬೇಡ, ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್) ಮಾಡ್ತೀವಿ ಅಂತಿದ್ದಾರೆ. ಹುಡುಗನಿಗೆ ಬೇಜಾರು. ಮತ್ತೆ ಕ್ಯಾಂಪಿಂದ ಬಂದಾಗಿಂದ ಬೆನ್ನಿನ ಕೆಳಗಡೆ ನೋವು ಅಂತಾನೆ, ಬಗ್ಗಿದ್ರೆ ಪರವಾಗಿಲ್ಲ, ಹಿಂದಕ್ಕೆ ವಾಲಿದ್ರೆ ಹಿಡಿಯುತ್ತೆ. ಇದು ಜಿಮ್ ಮಾಡಿದ್ದರ ನೋವಾ?

ಟೇಪು ಮತ್ತು ಐಸು

ಕೋಚ್ ಸರ್, ಬೆನ್ನಿನ ವಿಷಯ ಮೊದಲು. ಹದಿಹರೆಯದ ಆಟಗಾರ, ಹಿಂದಕ್ಕೆ ವಾಲಿದಾಗ ನೋವು, ಅದೂ ಒಂದೇ ಪಕ್ಕದಲ್ಲಿ ಮತ್ತು ಎರಡು ಮೂರು ವಾರ ದಾಟಿದೆ ಅಂದ್ರೆ ‘ಮಸಲ್ ಹಿಡ್ಕೊಂಡಿದೆ’ ಅಂತ ಸ್ಪ್ರೇ ಹೊಡೆದು ಆಡಿಸಬೇಡಿ. ಸೊಂಟದ ಹತ್ತಿರದ ಬೆನ್ನುಮೂಳೆಯಲ್ಲಿ ಒತ್ತಡದ ಬಿರುಕು ಬರೋ ವಯಸ್ಸು ಇದೇ. ಶಾಟ್ ಹೊಡೆಯುವಾಗ, ಕ್ರಾಸ್ ಹಾಕುವಾಗ ಬೆನ್ನು ಹಿಂದಕ್ಕೆ ಬಾಗಿ ತಿರುಗುತ್ತಲ್ಲ, ಸಾವಿರಾರು ಸಲ ಅದೇ ಆದ್ರೆ ಮೂಳೆ ದಣಿಯುತ್ತೆ. ಶುರುವಿನ ಹಂತದಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಎಂಆರ್‌ಐ ಬೇಕಾಗುತ್ತೆ. ಸ್ಪೋರ್ಟ್ಸ್ ಮೆಡಿಸಿನ್ ಅಥವಾ ಮೂಳೆ ಡಾಕ್ಟರ್ ಹತ್ರ ಈ ವಾರವೇ ತೋರಿಸಿ. ಬೇಗ ಹಿಡಿದ್ರೆ ಸುಮಾರು ಮೂರು ತಿಂಗಳ ವಿಶ್ರಾಂತಿ, ಹಂತಹಂತದ ರಿಹ್ಯಾಬ್‌ನಲ್ಲಿ ಸಾಮಾನ್ಯವಾಗಿ ವಾಸಿಯಾಗುತ್ತೆ. ಆಡ್ಕೊಂಡು ಹೋದ್ರೆ ಬಿರುಕು ಕೂಡದೇ ಹಾಗೇ ಉಳಿಯಬಹುದು. ಮುಖ್ಯವಾಗಿ, ಯಾವ ಕಾಂಟ್ರಾಕ್ಟ್‌ಗೂ ಮೆಡಿಕಲ್ ಇರುತ್ತೆ, ಅಲ್ಲಿ ಗೊತ್ತಾಗೋ ಬದಲು ಮೊದಲೇ ನಿಮಗೆ ಗೊತ್ತಿರಲಿ.

ಅದರ ಜೊತೆಗೇ ಹೃದಯದ್ದೂ ಮಾಡಿಸಿ: ಇಸಿಜಿ ಮತ್ತು ಎಕೋ. ಅನ್ವರ್ ಅಲಿಗೆ ಹೃದಯದ ಸ್ನಾಯು ದಪ್ಪವಾಗುವ ತೊಂದರೆ ಕಂಡುಬಂದದ್ದು 2019ರಲ್ಲಿ, ಐಎಸ್‌ಎಲ್ ಕ್ಲಬ್ ಸೇರಿದ ಮೇಲೆ. ಎರಡು ವರ್ಷ ಆಟವೇ ಅನುಮಾನವಾಗಿತ್ತು, ತಜ್ಞರ ಪರಿಶೀಲನೆ ಆಗಿ ಮರಳಿ ಬಂದ.

ಈ ವಯಸ್ಸಿನವರನ್ನು ಕೆಡಿಸೋದು ಒಂದು ಗಾಯಕ್ಕಿಂತ ಹೆಚ್ಚಾಗಿ ಲೆಕ್ಕವಿಲ್ಲದ ಆಟ. ಬೆಂಗಳೂರಲ್ಲಿ ಇದು ಜಾಸ್ತಿ: ಕಾಲೇಜ್ ಟೀಮ್, ಕ್ಲಬ್, ಸ್ಟೇಟ್ ಕ್ಯಾಂಪ್, ಮೇಲೆ ರಾತ್ರಿ ಟರ್ಫ್‌ನಲ್ಲಿ ಫೈವ್ಸ್ (ಐದೈದು ಜನರ) ಟೂರ್ನಿ, ಗೆದ್ರೆ ಕ್ಯಾಶ್. ಇಂಡಿಯಾ ಆಡಿದ ಹುಡುಗ ಅಂದ್ರೆ ಎಲ್ಲರೂ ಕರೀತಾರೆ. ಟರ್ಫ್ ಫೈವ್ಸ್ ಪೂರ್ತಿ ನಿಲ್ಲಿಸಿ. ಗಟ್ಟಿ ನೆಲ, ಕ್ಷಣಕ್ಕೊಮ್ಮೆ ತಿರುವು, ಮೊಣಕಾಲು ಪಾದದ ಕೀಲಿಗೆ ನೇರ ಹೊಡೆತ. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ತರದ ಕೃತಕ ಹುಲ್ಲಲ್ಲಿ ಆಡುವಾಗ ಉದ್ದ ಬ್ಲೇಡ್ ಸ್ಟಡ್ಸ್ ಬೇಡ, ಅದು ನೆಲಕ್ಕೆ ಕಚ್ಕೊಂಡು ಮೊಣಕಾಲು ತಿರುಚುತ್ತೆ. ಎಜಿ ಅಂತ ಬರೋ ಗಿಡ್ಡ, ದುಂಡನೆ, ಹೆಚ್ಚು ಸ್ಟಡ್ ಇರೋ ಶೂ ತಗೊಳ್ಳಿ.

ಬೆನ್ನು ವಾಸಿಯಾದ ಮೇಲೆ ಪ್ರತಿ ಪ್ರಾಕ್ಟೀಸ್‌ಗೂ ಮುಂಚೆ ಫಿಫಾ 11+ ವಾರ್ಮ್-ಅಪ್ ಮಾಡಿಸಿ, 20 ನಿಮಿಷ ಸಾಕು. ಓಡೋ ವಿಂಗರ್‌ಗೆ ಹ್ಯಾಮ್‌ಸ್ಟ್ರಿಂಗ್ (ತೊಡೆ ಹಿಂದಿನ ಸ್ನಾಯು) ಹೋಗೋದು ಖಾಯಿಲೆ ಇದ್ದಂಗೆ, ಅದಕ್ಕೆ ನಾರ್ಡಿಕ್: ಮೊಣಕಾಲೂರಿ ಕೂರಿಸಿ ಹಿಮ್ಮಡಿ ಹಿಡ್ಕೊಳ್ಳಿ, ಸೊಂಟ ಮುರಿಯದೆ ನಿಧಾನಕ್ಕೆ ಮುಂದಕ್ಕೆ ಬಾಗ್ಲಿ. ಐದರಿಂದ ಶುರು ಮಾಡಿ ವಾರ ವಾರ ಏರಿಸಿ. ಮೊದಲ ವಾರ ಸಿಕ್ಕಾಪಟ್ಟೆ ನೋವಿರುತ್ತೆ, ಅದಕ್ಕೇ ಎಲ್ಲರೂ ಬಿಡೋದು. ದೊಡ್ಡವರ ಟೀಮಿಗೆ ಹೋಗ್ತೀನಿ ಅಂತ ಮೂರು ತಿಂಗಳಲ್ಲಿ ಎಂಟು ಕಿಲೋ ಮೈ ತುಂಬಿಸ್ಕೊಂಡು, ಓಟ ಕಳ್ಕೊಂಡು ಕೂರೋದು ಇನ್ನೊಂದು ರೋಗ. ತೂಕ ನಿಧಾನಕ್ಕೆ ಬರಲಿ. ದಿನಕ್ಕೆ ತೂಕದ ಪ್ರತಿ ಕಿಲೋಗೆ ಒಂದೂವರೆ ಗ್ರಾಂಗಿಂತ ತುಸು ಹೆಚ್ಚು ಪ್ರೋಟೀನ್ ಸಾಕು, 62 ಕಿಲೋ ಹುಡುಗನಿಗೆ ಸುಮಾರು 100 ಗ್ರಾಂ. ಮೊಟ್ಟೆ, ಕೋಳಿ, ಕಾಳು, ಮೊಸರಲ್ಲೇ ಆಗುತ್ತೆ. ಡಬ್ಬದ ಪೌಡರ್ ಕೊಡೋದಾದ್ರೆ ಅದರಲ್ಲಿ ಏನು ಬೆರೆತಿದೆ ಅಂತ ಗೊತ್ತಿಲ್ಲದೆ ಕೊಡಬೇಡಿ, ಡೋಪ್ ಟೆಸ್ಟಲ್ಲಿ ಸಿಕ್ಕರೆ ‘ಗೊತ್ತಿರಲಿಲ್ಲ’ ಅಂದ್ರೆ ಕೇಳಲ್ಲ.

ಸೂಪರ್ ಡಿವಿಷನ್ ಗಿರಾಕಿ

ಗುರುವೇ, ಲೆಫ್ಟ್ ಬ್ಯಾಕ್ ಅಂದ್ರೆ ಬೇಜಾರು ಯಾಕೆ? ಅದು ಹುಡುಗನ ಅದೃಷ್ಟ. ಐಎಸ್‌ಎಲ್‌ನಲ್ಲಿ ಮೈದಾನಕ್ಕೆ ನಾಲ್ಕು ವಿದೇಶಿಯರನ್ನ ಇಳಿಸಬಹುದು. ಆ ನಾಲ್ಕು ಹೋಗೋದೆಲ್ಲಿ? ಬಹುತೇಕ ಸ್ಟ್ರೈಕರ್, ಅವನ ಹಿಂದೆ ಆಡೋ ಹತ್ತನೇ ನಂಬರ್, ಸ್ಟಾಪರ್, ಮಧ್ಯಭಾಗ. ನಮ್ಮವರಿಗೆ ಉಳಿಯೋದು ಗೋಲು, ಎರಡು ಪಕ್ಕದ ಬ್ಯಾಕ್, ವಿಂಗು. ವಿಂಗಲ್ಲಿ ಛಾಂಗ್ಟೆ, ಲಿಸ್ಟನ್ ತರದವರು ಕೂತಿದ್ದಾರೆ. ನಿಜವಾದ ಎಡಗಾಲಿನ ಲೆಫ್ಟ್ ಬ್ಯಾಕ್ ಎಷ್ಟು ಜನ ಇದ್ದಾರೆ ಹೇಳಿ? ಬಿಎಫ್‌ಸಿಯಲ್ಲೇ ಆಶಿಕ್ ಕುರುಣಿಯನ್ ವಿಂಗರ್ ಆಗಿ ಬಂದು ಲೆಫ್ಟ್ ಬ್ಯಾಕ್ ಆಡ್ದ. ರೋಷನ್ ಸಿಂಗ್ ಅಂತೂ ವಿಂಗ್ ಬಿಟ್ಟು ಬ್ಯಾಕಿಗೆ ಇಳಿದ ಮೇಲೇ 2021-22ರ ಐಎಸ್‌ಎಲ್ ಎಮರ್ಜಿಂಗ್ ಪ್ಲೇಯರ್ ಪ್ರಶಸ್ತಿ ಗೆದ್ದಿದ್ದು, ಅದೂ ಬಲಗಾಲಿನವನು ಎಡಗಡೆ ಆಡ್ಕೊಂಡು.

ಅಂಡರ್-17ರಿಂದ ದೊಡ್ಡವರ ಆಟಕ್ಕೆ ಬಂದ ವಿಂಗರ್ ಸಿಕ್ಕಿಹಾಕಿಕೊಳ್ಳೋದು ಒಂದೇ ಕಡೆ. ಲೈನ್ ಹತ್ರ ನಿಂತು, ಮುಖ ಲೈನ್ ಕಡೆಗೋ ತಮ್ಮ ಗೋಲಿನ ಕಡೆಗೋ ತಿರುಗಿದ್ದಾಗ ಚೆಂಡು ತಗೋತಾರೆ. ಅಲ್ಲಿ ಅದು ನಡೀತಿತ್ತು, ಯಾಕಂದ್ರೆ ತಿರುಗಿ ಓಡಿದ್ರೆ ಹಿಡಿಯೋರು ಇರಲಿಲ್ಲ. ಇಲ್ಲಿ ಚೆಂಡು ಕಾಲಿಗೆ ಬರೋ ಅಷ್ಟೊತ್ತಿಗೆ ರೈಟ್ ಬ್ಯಾಕ್ ಬೆನ್ನ ಮೇಲಿರ್ತಾನೆ. ಚೆಂಡು ಬರೋ ಮೊದಲೇ ಬೆನ್ನು ಲೈನಿಗೆ ಕೊಟ್ಟು ಅರ್ಧ ಮೈ ಮುಂದಕ್ಕೆ ತೆರೆದಿರಬೇಕು, ಭುಜದ ಮೇಲಿಂದ ಎರಡು ಸಲ ನೋಡಿರಬೇಕು, ದೂರದ ಕಾಲಿಗೆ ಮೊದಲ ಟಚ್ ಬೀಳಬೇಕು. ಲೆಫ್ಟ್ ಬ್ಯಾಕ್ ಆಡಿದ್ರೆ ಇದು ತಾನಾಗೇ ಬರುತ್ತೆ, ಯಾಕಂದ್ರೆ ಅಲ್ಲಿಂದ ಇಡೀ ಮೈದಾನ ಮುಂದೇನೇ ಇರುತ್ತೆ. ಕಲಿಸಬೇಕಾದ್ದು ಬೇರೆ: ಆ ಕಡೆಯಿಂದ ಕ್ರಾಸ್ ಬಂದಾಗ ದೂರದ ಪೋಸ್ಟಲ್ಲಿ ಚೆಂಡನ್ನೇ ನೋಡ್ತಾ ತನ್ನ ಆಳನ್ನ ಬಿಟ್ಟುಬಿಡದೆ ಇರೋದು. ವಿಂಗರ್‌ಗಳೆಲ್ಲ ಮೊದಲ ವರ್ಷ ಗೋಲು ಬಿಟ್ಟುಕೊಡೋದು ಅಲ್ಲೇ. ಆ ಬಲಗಾಲಿಗೂ ದಿನಾ ಗೋಡೆಗೆ ಇನ್ನೂರು ಪಾಸ್ ಹೊಡೆಸಿ.

ರಿಸರ್ವ್ಸ್ ಅಂದ್ರೆ ಏನು ಪಂದ್ಯ ಸಿಗುತ್ತೆ ಅಂತ ಕೇಳಿ. ಯುವಕರ ರಿಲಯನ್ಸ್ ಫೌಂಡೇಷನ್ ಡೆವಲಪ್‌ಮೆಂಟ್ ಲೀಗ್ ಒಂದನ್ನೇ ನಂಬ್ಕೊಂಡ್ರೆ ಪ್ರಾದೇಶಿಕ ಹಂತದಲ್ಲಿ ಸೋತ ಟೀಮಿಗೆ ಆ ವರ್ಷದ ಆಟ ಮುಗೀತು, ಎದುರಾಳಿಗಳೂ ಅದೇ ವಯಸ್ಸಿನ ಹುಡುಗರೇ. ಅದರ ಜೊತೆ ಊರಿನ ಸೀನಿಯರ್ ಲೀಗಲ್ಲೂ ಆ ರಿಸರ್ವ್ಸ್ ಆಡುತ್ತಾ? ಬಿಎಫ್‌ಸಿ ರಿಸರ್ವ್ಸ್ ನಮ್ಮ ಬೆಂಗಳೂರು ಜಿಲ್ಲಾ ಫುಟ್‌ಬಾಲ್ ಸಂಸ್ಥೆಯ (ಬಿಡಿಎಫ್‌ಎ) ಸೂಪರ್ ಡಿವಿಷನ್ ಆಡ್ತಾರೆ, ಅಲ್ಲಿ ಸೇನೆಯ ಟೀಮಿನ ಮೂವತ್ತರ ಸ್ಟಾಪರ್ ಮೊಣಕೈ ಹೇಗಿರುತ್ತೆ ಅಂತ ಹುಡುಗರಿಗೆ ಗೊತ್ತಾಗುತ್ತೆ. ಅಂಥ ರಿಸರ್ವ್ಸ್ ಆದ್ರೆ ಐಎಸ್‌ಎಲ್ ಆಫರ್ ಒಳ್ಳೇದೇ. ಇಲ್ಲಾಂದ್ರೆ ಎರಡನೇ ಆಫರ್. ಅಲ್ಲೂ ಬಾಯಿಮಾತು ನಂಬಬೇಡಿ, ಆ ಕೋಚ್ ಹೋದ ಸೀಸನ್ 20ರ ಒಳಗಿನವರನ್ನ ಎಷ್ಟು ಪಂದ್ಯಕ್ಕೆ ಶುರುವಿಂದ ಇಳಿಸಿದ ಅಂತ ಮ್ಯಾಚ್ ಶೀಟ್ ತೆಗೆದು ಎಣಿಸಿ. ಅರ್ಧ ಗಂಟೆ ಕೆಲಸ. ಒಂದು ಎಚ್ಚರಿಕೆ: ಒಂದೇ ಸೀಸನ್ನಲ್ಲಿ ಮೂರು ಕ್ಲಬ್ಬಿಗೆ ರಿಜಿಸ್ಟರ್ ಆಗಬಹುದು, ಅಧಿಕೃತ ಪಂದ್ಯ ಆಡೋದು ಎರಡಕ್ಕೆ ಮಾತ್ರ. ಸುಮ್ನೆ ಯಾರೋ ಕರೆದ್ರು ಅಂತ ಎಲ್ಲೆಲ್ಲೋ ಆಡಿಸಿದ್ರೆ ಜನವರಿಗೆ ಲೋನ್ ಬಾಗಿಲು ಮುಚ್ಚುತ್ತೆ.

ಈಸ್ಟ್ ಸ್ಟ್ಯಾಂಡ್

ಪೋರ್ಚುಗಲ್ ಬಗ್ಗೆ ‘ಷರತ್ತುಗಳು ಅನ್ವಯ’ ಅವರ ಮಾತಿಗೆ ಪೂರ್ತಿ ಒಪ್ಪಲ್ಲ. ವಿದೇಶದ ಬಾಗಿಲು ಮುಚ್ಚಿದ್ದಲ್ಲ, ಹೊತ್ತು ಬೇರೆ ಅಷ್ಟೇ. ಗುರ್‌ಪ್ರೀತ್ 2014ರಲ್ಲಿ ನಾರ್ವೆಯ ಸ್ಟಾಬೆಕ್‌ಗೆ ಹೋದಾಗ 22 ದಾಟಿತ್ತು, ಈಸ್ಟ್ ಬೆಂಗಾಲ್‌ನಲ್ಲಿ ಬೆಳೆದು ಹೋದವನು. ನಮ್ಮೂರಿನ ಸಂಜೀವ್ ಸ್ಟಾಲಿನ್, 2017ರಲ್ಲಿ ಜೀಕ್ಸನ್ ಗೋಲಿಗೆ ಕಾರ್ನರ್ ಹಾಕಿದವನು, ಆರೋಸ್ ಮುಗಿಸಿ 19ರಲ್ಲಿ ಪೋರ್ಚುಗಲ್‌ನ ಆವೆಸ್ ಸೇರಿದ. ಆ ಕ್ಲಬ್ಬೇ ಹಣದ ಮುಗ್ಗಟ್ಟಿಗೆ ಸಿಕ್ಕಿ 2020ರಲ್ಲಿ ವೃತ್ತಿಪರ ಲೀಗಿನಿಂದ ಹೊರಬಿತ್ತು. 2021ಕ್ಕೆ ಬ್ಲಾಸ್ಟರ್ಸ್‌ಗೆ ವಾಪಸ್. ಅಂದ ಹಾಗೆ ಅವನೂ ಎಡಗಾಲಿನ ಲೆಫ್ಟ್ ಬ್ಯಾಕ್. ಆ ಒಂದು ಕಾರಣಕ್ಕೇ ವಾಪಸ್ ಬಂದ ತಕ್ಷಣ ಐಎಸ್‌ಎಲ್ ಕ್ಲಬ್ ಸಿಕ್ಕಿತು ಅಂತ ನನ್ನ ಲೆಕ್ಕ. ಇಂಗ್ಲೆಂಡ್ ಮಾತ್ರ ಕನಸಿಗೂ ಬೇಡ, ಅಲ್ಲಿನ ವರ್ಕ್ ಪರ್ಮಿಟ್ ಅಂಕಪಟ್ಟಿಯಲ್ಲಿ ದೇಶದ ಫಿಫಾ ರ‍್ಯಾಂಕಿಂಗ್ ಲೆಕ್ಕಕ್ಕೆ ಬರುತ್ತೆ, ನಾವು 100ರ ಹೊರಗೆ.

ಸೂಪರ್ ಡಿವಿಷನ್ ಗಿರಾಕಿ

ಹೋಗಲಿ ಬಿಡಿ, ವಿದೇಶ 22ಕ್ಕೆ ನೋಡೋಣ. ಅವರಪ್ಪನ ರೈಲ್ವೆ ಮಾತು ಯಾರೂ ಎತ್ತಲಿಲ್ಲ, ಅದು ತಮಾಷೆ ವಿಷಯ ಅಲ್ಲ. ಸ್ಪೋರ್ಟ್ಸ್ ಕೋಟಾಗೆ 18ರಿಂದ 25 ವಯಸ್ಸು. ಆದರೆ ನೋಟಿಫಿಕೇಷನ್ ಓದಿ: ಕಳೆದ ಎರಡು ಮೂರು ಹಣಕಾಸು ವರ್ಷದ ಸಾಧನೆ ಮಾತ್ರ ಪರಿಗಣನೆ, ಈಗಲೂ ಆಡ್ತಿರಬೇಕು, ಟ್ರಯಲ್ಸೂ ಇರುತ್ತೆ. ಈಗಿನ ಅಂಡರ್-17 ಸರ್ಟಿಫಿಕೇಟು 21ಕ್ಕೆ ಫ್ರೇಮ್ ಹಾಕಿ ಗೋಡೆಗೆ ಹಾಕ್ಕೊಳ್ಳೋಕೆ ಅಷ್ಟೇ. ಅಂದ್ರೆ ಕೆಲಸ ಬೇಕಾದ್ರೂ 20-22ರಲ್ಲಿ ಸೀನಿಯರ್ ಮಟ್ಟದಲ್ಲಿ ಆಡ್ತಿರಲೇಬೇಕು. ಅದಕ್ಕೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಒಳ್ಳೆ ದಾರಿ. 2023ರ ಮಾರ್ಚಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನ 3-2 ಸೋಲಿಸಿ 54 ವರ್ಷದ ಮೇಲೆ ಕಪ್ ತಂದ ನಮ್ಮ ಟೀಮ್ ತುಂಬ ಇದ್ದದ್ದು ಬೆಂಗಳೂರಿನ ಲೀಗಿನ ಹುಡುಗರೇ. ಇನ್ನೊಂದು, ಇಲಾಖೆ ಕೆಲಸ ಹಿಡಿದ ಮೇಲೆ ಹೊರಗಿನ ಕ್ಲಬ್ಬಿಗೆ ಆಡಬೇಕಾದ್ರೆ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. 18ಕ್ಕೇ ಹೊಕ್ಕರೆ ಆಟ ಅಲ್ಲಿಗೇ ನಿಲ್ಲೋ ಸಾಧ್ಯತೆ ಜಾಸ್ತಿ, 23ಕ್ಕೆ ಐಎಸ್‌ಎಲ್ ಆಗಲಿಲ್ಲ ಅಂತ ಗೊತ್ತಾದ ಮೇಲೆ ಹೊಕ್ಕರೆ ಬದುಕಿಗೆ ದಾರಿ.

ಪಿಯುಸಿ ಬಿಡಿಸಬೇಡಿ. ಕ್ಯಾಂಪಿನ ಪತ್ರ ಕ್ಯಾಂಪ್ ಮುಗಿದ ಮೇಲಲ್ಲ, ಹೋಗೋ ಮೊದಲೇ ಪ್ರಿನ್ಸಿಪಾಲರ ಟೇಬಲ್ಲಿಗೆ ಹೋಗಬೇಕು, ಹಾಜರಾತಿ ಶೇ 75ರ ತಕರಾರು ಅಲ್ಲೇ ಬರೋದು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ, ಮೊದಲನೇದು ಟೂರ್ನಿಗೆ ಸಿಕ್ಕಿಹಾಕ್ಕೊಂಡ್ರೆ ಎರಡನೇದು ಬರೀಲಿ. ಪೂರ್ತಿ ಆಗಲ್ಲ ಅನ್ನಿಸಿದ್ರೆ ರಾಷ್ಟ್ರೀಯ ಮುಕ್ತ ಶಾಲೆ ಎನ್‌ಐಒಎಸ್ ಇದೆ, ಏಪ್ರಿಲ್ ಸುಮಾರಿಗೊಂದು ಅಕ್ಟೋಬರ್ ಸುಮಾರಿಗೊಂದು ಪರೀಕ್ಷೆ.

ಆಸ್ಟಿನ್ ಟೌನ್ ಕೋಚ್

ನಾಳೆ ಬೆಳಿಗ್ಗೆ ಡಾಕ್ಟರ್ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ, ಅದರ ರಿಪೋರ್ಟ್ ಬರೋವರೆಗೆ ಯಾವ ಕ್ಲಬ್ಬಿಗೂ ಉತ್ತರ ಇಲ್ಲ. ಐಎಸ್‌ಎಲ್ ಕ್ಲಬ್ಬಿಗೆ ಎರಡೇ ಸಾಲು ಮೇಲ್ ಬರೆದಿಟ್ಟಿದ್ದೀನಿ: +2 ತೆಗೀರಿ, ರಿಸರ್ವ್ಸ್ ಈ ವರ್ಷ ಯಾವ ಯಾವ ಲೀಗ್ ಆಡುತ್ತೆ ಬರೆದು ಕೊಡಿ. ಜನವರಿ ಲೋನ್ ಸಾಲಿಗೆ ನಿಮಿಷ ಎಷ್ಟು ಹಾಕಿಸಲಿ? 450 ಅಂದ್ರೆ ಜಾಸ್ತಿ ಆಯ್ತಾ?

ಷರತ್ತುಗಳು ಅನ್ವಯ

450 ಅಂದರೆ ಐದು ಪೂರ್ತಿ ಪಂದ್ಯ. ಮೊದಲ ವರ್ಷದ ಹುಡುಗನಿಗೆ ಡಿಸೆಂಬರ್ ಒಳಗೆ ಅಷ್ಟು ಸಿಗೋದು ಅಪರೂಪ, ಅದಕ್ಕೇ 450 ಹಾಕಿಸಿ. ನಿಮಿಷದ ಗಡಿ ಎತ್ತರದಲ್ಲಿದ್ದಷ್ಟೂ ಲೋನ್ ಕೇಳೋ ಹಕ್ಕು ನಿಮ್ಮ ಕೈಯಲ್ಲಿರುತ್ತೆ. ಅವರು 180ಕ್ಕೆ ಇಳಿಸಿ ಅಂತಾರೆ, 270ರ ಕೆಳಗೆ ಹೋಗಬೇಡಿ. ಲೀಗ್ ತಡವಾಗಿ ಶುರುವಾದ್ರೆ ಏನು ಅನ್ನೋದನ್ನೂ ಅದೇ ಸಾಲಲ್ಲಿ ಸೇರಿಸಿ: ‘ಜನವರಿ’ ಅನ್ನೋ ಬದಲು ‘ಸೀಸನ್ನಿನ ಎರಡನೇ ರಿಜಿಸ್ಟ್ರೇಷನ್ ವಿಂಡೋ’ ಅಂತ ಬರೆಸಿ. ರಿಸರ್ವ್ಸ್ ನಿಮಿಷ ಇದರಲ್ಲಿ ಸೇರಲ್ಲ ಅಂತಲೂ ಸ್ಪಷ್ಟವಾಗಿರಲಿ.